ಬಾತಗುಂಡಿಗೆ ಆ ಹೆಸರು ಬಂದದ್ದು

ಹುಲಿಕಟಗಿಯ ಕೆಂಪುಗುಡ್ಡದ ಬುಡದಲ್ಲಿ, ಸೀಳಿದ ಬಂಡೆಯ ಕೆಳಗಿರುವ ನೀರಿನ ಹೊಂಡಕ್ಕೆ ಬಾತಗುಂಡಿ ಎಂದು ಹೆಸರು. ಪಂಚಾಯಿತಿಯವರು ಈಚೆಗೆ ಅಲ್ಲಿ ನಿಲ್ಲಿಸಿದ ಫಲಕದ ಮೇಲೆ ಬಾತುಕೋಳಿಗಳ ಚಿತ್ರವಿದೆ. ಈ ಸೀಮೆಯಲ್ಲಿ ಬಾತುಕೋಳಿಯನ್ನು ಕಂಡವರೇ ಇಲ್ಲ. ಪಟ್ಟಣದಿಂದ ಬರುವ ಪಂಡಿತರಾದರೋ, ಇಂಗ್ಲಿಷಿನಲ್ಲಿ ಬಾತ್ ಎಂದರೆ ಸ್ನಾನ, ಆದಕಾರಣ ಇದು ಸ್ನಾನದ ಗುಂಡಿ ಎಂದು ತಮಗೆ ತಾವೇ ತಲೆದೂಗಿಕೊಂಡು ಹೋಗುತ್ತಾರೆ. ಊರಿನ ಹಿರಿಯರೊಬ್ಬರನ್ನು ಕೇಳುವ ತೊಂದರೆಯನ್ನು ಇವರಾರೂ ತೆಗೆದುಕೊಂಡಿಲ್ಲ.

ಹಿಂದೆ ಒಮ್ಮೆ, ಕುಂಪಣಿ ಸರಕಾರದ ಕಾಲದಲ್ಲಿ, ಈ ಬಂಡೆಯ ಬಿರುಕಿನಿಂದ ಬಿಸಿನೀರು ಒಸರುತ್ತಿತ್ತು ಎನ್ನುತ್ತಾರೆ. ಆಗ ಇದಕ್ಕೆ ಬಾಣಂತಿಗುಂಡಿ ಎಂದು ಹೆಸರಿತ್ತು. ಹೆತ್ತ ಹೆಂಗಸರಿಗೂ ಹಸುಗೂಸುಗಳಿಗೂ ಇಲ್ಲಿಯೇ ನೀರೆರೆಯುವುದು ಊರ ಪದ್ಧತಿ. ಅಂಥ ಊರಿಗೆ ಮಿಲ್‌ವರ್ಡ್ ಎಂಬ ಸಾಹೇಬ ಬಂದ. ಅವನಿಗೆ ಕಾಲ್ಬೇನೆಯಿತ್ತು. ಅವನು ಹುಟ್ಟಿದ್ದು ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ. ಅಲ್ಲಿಯೂ ಬಿಸಿನೀರಿನ ಬುಗ್ಗೆಗಳಿದ್ದು, ದೊಡ್ಡ ಮನುಷ್ಯರು ಅವುಗಳಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರಂತೆ. ಇವನೂ ಬಾಣಂತಿಗುಂಡಿಯ ಸುತ್ತ ಬೇಲಿ ಹಾಕಿಸಿ, ಇನ್ನು ಮೇಲೆ ಇದರ ಹೆಸರು ಬಾತ್ ಎಂದು ಸಾರಿಸಿದ. ಜನ ತಮ್ಮ ನಾಲಗೆಗೆ ಬಂದಂತೆ ಬಾತು, ಬಾತಿ ಎಂದರೆ ಅವನಿಗೆ ಮೈಯೆಲ್ಲ ಉರಿ. ಅದು ಸ್ನಾನದ ಮನೆಯಲ್ಲ, ಊರು, ನನ್ನ ಊರು, ಹೆಸರನ್ನು ಸರಿಯಾಗಿ ಹೇಳಿ ಎಂದು ಗದರುತ್ತಿದ್ದ. ಅವನಿಗಿಂತ ಹೆಚ್ಚು ಹೇಸಿಗೆ ಹುಟ್ಟಿಸಿದವನು ಊರ ಗೌಡ ಪರಗೊಂಡಪ್ಪ. ಸಾಹೇಬನ ಮೆಚ್ಚುಗೆಗಾಗಿ ಅವನು ಗಂಡಸರನ್ನು ಚಾವಡಿಯಲ್ಲಿ ಸಾಲಾಗಿ ಕೂರಿಸಿ ಆ ಒಂದು ಹೆಸರನ್ನು ಗಂಟಲು ಹರಿಯುವಂತೆ ಹೇಳಿಸಿದನು. ತನ್ನ ಅಪ್ಪನ ಹೆಸರನ್ನೂ ಅವನು ಅಷ್ಟು ಭಕ್ತಿಯಿಂದ ಹೇಳಿದ್ದಿಲ್ಲ.

ಆ ಚಳಿಗಾಲದಲ್ಲಿ ಫಕೀರವ್ವ ಎಂಬ ವಿಧವೆಯ ಸೊಸೆ ಕಲ್ಲವ್ವ ಗಂಡುಕೂಸನ್ನು ಹೆತ್ತಳು. ಫಕೀರವ್ವ ಕೊಡ ಹೊತ್ತು ಬೇಲಿಯ ಬಳಿಗೆ ಹೋದಾಗ ಸಾಹೇಬ ನೀರಿನಲ್ಲಿ ಕಾಲಿಟ್ಟು ಕೂತಿದ್ದ. ಪಕ್ಕದಲ್ಲಿ ಕೊಡೆ ಹಿಡಿದು ಗೌಡ ನಿಂತಿದ್ದ.

"ಮನ್ಯಾಗ ಬಾಣಂತಿ ಅದಾಳ್ರಿ ಗೌಡ್ರ, ಒಂದ್ ಕೊಡ ನೀರು ಬಿಡ್ರಿ" ಎಂದಳು.

"ಮೊದ್ಲ ಹೆಸರು ಸರಿಯಾಗಿ ಹೇಳು. ಆಮ್ಯಾಲ ನೀರು" ಎಂದ ಗೌಡ.

"ಬಾತ್" ಎಂದಳು ಫಕೀರವ್ವ. ಸಾಹೇಬ ಹಿಗ್ಗಿದ. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅದು ನಿಮ್ಮ ಊರಿನ ಹೆಸರು ಅಂತ ನೀವ ಹೇಳೀರಿ ಸಾಹೇಬ್ರ. ಊರು ಅಲ್ಲೇ ಇರಬೇಕಲ್ರಿ? ಇದು ನಮ್ಮ ಗುಂಡಿ. ಇದಕ್ಕ ಆ ಹೆಸರು ಹೆಂಗ ಬರ್ತೈತಿ?"

ಗೌಡ ಆ ಮಾತನ್ನು ಮುರುಕು ಹಿಂದೂಸ್ತಾನಿಯಲ್ಲಿ ತಿಳಿಸುತ್ತಿದ್ದಂತೆ ಸಾಹೇಬನ ಮುಖ ಕೆಂಪಾಯಿತು. ಅವಳ ಕೊಡವನ್ನು ಬೇಲಿಯಾಚೆ ಎಸೆಸಿದ. ಮನೆಯಲ್ಲಿ ನೀರು ಕಾಯಿಸಲು ಸೌದೆಯೂ ಇಲ್ಲದ ಫಕೀರವ್ವ ಬೇರೆ ದಾರಿ ಕಾಣದೆ ಬಾಣಂತಿಯನ್ನೂ ಕೂಸನ್ನೂ ಬಂಡಿಯಲ್ಲಿ ತವರಿಗೆ ಕಳಿಸಿದಳು. ದಾರಿಯ ಥಂಡಿಗೆ ಸನ್ನಿ ಹಿಡಿದು ಕಲ್ಲವ್ವ ತೀರಿಕೊಂಡಳು. ಕೂಸು ಉಳಿದು ಅಜ್ಜಿಯ ಮಡಿಲಿಗೆ ಮರಳಿತು.

ಇಷ್ಟಾದರೂ ಸಾಹೇಬನಿಗೆ ತೃಪ್ತಿಯಿಲ್ಲ. ತನ್ನ ಊರಿನ ಕೊಳದ ಮುಂದೆ ಈ ಗುಂಡಿ ತೀರ ಸಣ್ಣದೆನಿಸಿತು. ಬಿರುಕು ಅಗಲವಾದರೆ ಬಿಸಿನೀರು ಧುಮುಕುತ್ತದೆಂದು ಬಂಡೆಗೆ ಮದ್ದು ತುಂಬಿಸಿ ಸಿಡಿಸಿದ. ಬಂಡೆ ಸೀಳಿ ಧುಮುಕಿದ್ದು ತಣ್ಣೀರು. ಬಿಸಿನೀರಿನ ಒಸರು ಅಂದೇ ನಿಂತಿತು. ತಾನು ತಪ್ಪಿದೆನೆಂದು ಒಪ್ಪಿಕೊಳ್ಳುವ ಜಾತಿಯವನಲ್ಲ ಅವನು. ನೀರು ಈಗಲೂ ಬೆಚ್ಚಗಿದೆ ಎನ್ನುತ್ತ ಆ ಕೊರೆಯುವ ನೀರಿನಲ್ಲೇ ಹಗಲೆಲ್ಲ ಕಾಲಿಟ್ಟು ಕೂತ. ಗೌಡನೂ ಬೆರಳು ಅದ್ದಿ, "ಹೌದ್ರಿ, ಸುಡಾಕತ್ತೈತಿ" ಎಂದನಂತೆ.

ಕೆಲವೇ ದಿನಗಳಲ್ಲಿ ಸಾಹೇಬನ ಕಾಲು ಕುಂಬಳಕಾಯಿಯಂತೆ ಊದಿ ಬೂಟು ಏರದಂತಾಯಿತು. ಊದಿದ್ದಕ್ಕೆ ನಮ್ಮ ಮಾತಿನಲ್ಲಿ ಬಾತದ್ದು ಎನ್ನುತ್ತಾರೆ. ಅವನನ್ನು ಡೋಲಿಯಲ್ಲಿ ಮಲಗಿಸಿ ಊರ ನಡುವೆ ಹೊತ್ತೊಯ್ಯುವಾಗ ಜನ ಎರಡೂ ಬದಿ ನಿಂತಿದ್ದರು. ಫಕೀರವ್ವ ತಾಯಿಯಿಲ್ಲದ ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡು ಮುಂದೆ ಬಂದು ಆ ಕಾಲನ್ನು ನೋಡಿದಳು. "ಬಾತ! ಬಾತ!" ಎಂದು ಕೂಗಿದಳು. ಊರಿಗೆ ಊರೇ ದನಿಗೂಡಿಸಿತು.

"ಏ ಫಕೀರವ್ವ, ಏನ್ ಅನ್ನಾಕತ್ತಿ?" ಎಂದು ಗೌಡ ಹಲ್ಲು ಕಡಿದ.

"ಹೆಸರು ಸರಿಯಾಗಿ ಹೇಳಾಕತ್ತೀನ್ರಿ ಗೌಡ್ರ."

ಡೋಲಿಯೊಳಗಿನಿಂದ ಸಾಹೇಬ ನರಳುತ್ತಲೇ ಕೈ ಎತ್ತಿ ಎಲ್ಲರಿಗೂ ಸಲಾಮು ಮಾಡಿದನಂತೆ. ಕೊನೆಗೂ ಇವರಿಗೆ ನಮ್ಮ ಊರಿನ ಹೆಸರು ಬಂತಲ್ಲ ಎಂದು ಅವನ ಕಣ್ಣಲ್ಲಿ ನೀರಾಡಿತೆಂದೂ ಹೇಳುತ್ತಾರೆ. ಆ ಹೊತ್ತು ಅಲ್ಲಿ ನಗದವನು ಗೌಡ ಒಬ್ಬನೇ.

ಈಗ ಬರುವವರು ಗುಂಡಿಯಲ್ಲಿ ಕೈಯದ್ದಿ, ಬಿಸಿನೀರೆಂದು ಕೇಳಿದ್ದೆವು, ಇದು ಮಂಜಿನಂತಿದೆಯಲ್ಲ ಎಂದು ಮೂಗು ಮುರಿಯುತ್ತಾರೆ. ಬೆಳಗಿನ ಹೊತ್ತು ಬಂದರೆ ಊರಿನ ಹೆಂಗಸರು ಹಸುಗೂಸುಗಳೊಂದಿಗೆ ಕೆಳಗಿಳಿದು ಬರುವುದನ್ನು ಕಾಣಬಹುದು. ಮನೆಯಿಂದ ಹಂಡೆಯಲ್ಲಿ ಕಾಯಿಸಿದ ನೀರನ್ನು ತಲೆಯ ಮೇಲೆ ಹೊತ್ತು ತಂದು, ಅದಕ್ಕೆ ಗುಂಡಿಯ ನೀರನ್ನು ಒಂದು ಬೊಗಸೆ ಬೆರೆಸಿ, ಕೂಸಿಗೆ ಎರೆಯುತ್ತಾರೆ.