ಡಂಗುರಕ್ಕೆ ಚಿಲಕ ಹಾಕಿದ ಹುಚ್ಚೀರಪ್ಪ

ಗದಗದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಶಂಕ್ರವ್ವನ ಮೂತ್ರಪಿಂಡದೊಳಗೆ ಹುಚ್ಚೀರಪ್ಪ ಎಂಬ ಶೂರನಿದ್ದ. ಎಷ್ಟು ದೊಡ್ಡ ಶೂರನೆಂದರೆ, ಒಂದು ಸಾಸಿವೆ ಕಾಳಿನ ಮೇಲೆ ಅವನ ಬೀಗರು ಬಿಜ್ಜರನ್ನೆಲ್ಲ ಕೂರಿಸಿ ಮದುವೆ ಊಟ ಹಾಕಿಸಿದರೂ ಎಲೆ ಎತ್ತುವವರಿಗೆ ಓಡಾಡಲು ಜಾಗ ಮಿಗುತ್ತಿತ್ತು. ಅವನೊಂದು ಜೀವಕೋಶ. ಮೂತ್ರಪಿಂಡದೊಳಕ್ಕೆ ರಕ್ತ ಬರುವ ಸಣ್ಣ ನಾಳದ ಗೋಡೆಯೇ ಅವನ ಮನೆ.

ಮನೆ ತುಂಬ ಚೀಲಗಳು. ಚೀಲದ ತುಂಬ ರೆನಿನ್ ಎಂಬ ಕತ್ತರಿಗಳು. ಆ ಕತ್ತರಿ ಹೊರಬಿದ್ದರೆ ಇಡೀ ಶರೀರದಲ್ಲಿ ರಕ್ತದ ಒತ್ತಡ ಏರುತ್ತದೆ. ಭೀಮನ ಗದೆಯನ್ನು ಅತ್ತ ಇಡಿ, ಇಂಥ ಬಲ ಅದಕ್ಕೂ ಇರಲಿಲ್ಲ.

ಶರೀರದ ಊರಿಗೆ ಒಬ್ಬ ಡಂಗುರದವನಿದ್ದ, ಹೆಸರು ಕ್ಯಾಲ್ಸಿಯಂ. ಅವನು ಒಳನುಗ್ಗಿ ಡಂಗುರ ಬಡಿದರೆ ಮಿಕ್ಕ ಬಹುತೇಕ ಮನೆಗಳಲ್ಲಿ ಬಾಗಿಲು ತೆರೆದು, ಕೂಡಿಟ್ಟದ್ದನ್ನೆಲ್ಲ ಹೊರಗೆ ಸುರಿಯುತ್ತಿದ್ದರು. ಹುಚ್ಚೀರಪ್ಪನ ಮನೆತನದ ಪದ್ಧತಿ ಮಾತ್ರ ಉಲ್ಟಾ. ಡಂಗುರ ಬಿದ್ದರೆ ಚಿಲಕ ಹಾಕಬೇಕು, ಡಂಗುರ ನಿಂತರೆ ಬಾಗಿಲು ತೆಗೆಯಬೇಕು. ಯಾಕೆ ಅಂತ ಅವನ ಅಜ್ಜನೂ ಕೇಳಿರಲಿಲ್ಲ, ಮುತ್ತಜ್ಜನೂ ಹೇಳಿರಲಿಲ್ಲ.

ಮೂತ್ರಪಿಂಡದ ನೆತ್ತಿಯ ಮೇಲೆ ಅಡ್ರಿನಲ್ ಗ್ರಂಥಿಯ ಮನೆ. ಅಲ್ಲಿಯ ಜೀವಕೋಶ ಚಂಪವ್ವನಿಗೆ ಇವನನ್ನು ಕಂಡರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏನೋ ಹುಚ್ಚೀರಪ್ಪಾ, ಡಂಗುರ ಬಿದ್ದ ಕೂಡ್ಲೇ ನಾವೆಲ್ಲಾ ಬಾಗಲಾ ತಗದು ಕೈ ಬಿಚ್ಚಿ ಕೊಡ್ತೇವಿ. ನೀ ಒಬ್ಬಾಂವ ಒಳಗ ಹೊಕ್ಕು ಚಿಲಕಾ ಹಾಕ್ತಿ. ಜಿಪುಣೋ, ಹೆದರಪುಕ್ಕೋ?"

"ನಮ್ಮ ಮನಿ ಪದ್ಧತಿ ಐತಬೇ ಚಂಪಕ್ಕಾ."

"ಪದ್ಧತಿ ಅಂತ! ನಾಚಿಕಿ ಬರಬೇಕು ನಿಮಗ."

ಹುಚ್ಚೀರಪ್ಪನಿಗೆ ಮುಖ ಎತ್ತಲಾಗಲಿಲ್ಲ. ಕಡೆಗೆ ರೋಷ ಉಕ್ಕಿ, "ಆತು! ಮುಂದಿನ ಡಂಗುರ ಬೀಳ್ಲಿ, ಎರಡೂ ಕದಾ ಹಾರ ಹೊಡದು ತಗೀತೀನಿ. ನೋಡಾಕತ್ತಿರು" ಎಂದು ಮಾತು ಕೊಟ್ಟುಬಿಟ್ಟ.

ಅವತ್ತು ಸಂತೆಯ ದಿನ. ಖಾನಾವಳಿ ಗಿಜಿಗುಡುತ್ತಿತ್ತು. ಶಂಕ್ರವ್ವ ಬೆಳಗಿನಿಂದ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು, ಬಡಿದಳು, ಬಡಿಯುತ್ತಲೇ ಇದ್ದಳು. ಆ ರೊಟ್ಟಿಗಳನ್ನು ಸಾಲಾಗಿ ಹಾಸಿದ್ದರೆ ಹುಬ್ಬಳ್ಳಿಗೆ ಚಪ್ಪಲಿ ಇಲ್ಲದೆ ನಡೆದು ಹೋಗಬಹುದಿತ್ತು. ಬೆವರು ಹರಿಯಿತು. ಬೆವರಿನ ಜೊತೆ ನೀರು ಹೋಯಿತು, ಉಪ್ಪೂ ಹೋಯಿತು. ನೀರು ಕುಡಿಯಲು ಅವಳಿಗೆ ಪುರುಸೊತ್ತೆಲ್ಲಿ?

ಮಧ್ಯಾಹ್ನದ ಹೊತ್ತಿಗೆ ರಕ್ತನಾಳಗಳು ಬತ್ತಿದ ಹಳ್ಳದಂತಾದವು. ಶಂಕ್ರವ್ವನ ಕಣ್ಣಿಗೆ ಕತ್ತಲೆ ಬಂತು. ಮುಂದೆ ನಿಗಿನಿಗಿ ಕಾದ ಹಂಚು. ಈಗ ತಲೆ ತಿರುಗಿ ಬಿದ್ದರೆ ಅದರ ಮೇಲೆಯೇ.

ಒಳಗೆ ಹುಚ್ಚೀರಪ್ಪನ ಗೋಡೆ ಸಡಿಲವಾಯಿತು. ರಕ್ತ ಒತ್ತುವುದನ್ನು ಬಿಟ್ಟಿತ್ತು. ಕ್ಯಾಲ್ಸಿಯಂ ಹೊರಟುಹೋದ, ಡಂಗುರ ನಿಂತಿತು. ಯಾರೂ ಕೂಗಲಿಲ್ಲ, ಯಾರೂ ಕೇಳಲಿಲ್ಲ. ಹುಚ್ಚೀರಪ್ಪ ಪದ್ಧತಿಯಂತೆ ಬಾಗಿಲು ತೆಗೆದು ಚೀಲ ಬಿಚ್ಚಿದ.

ಅಬ್ಬಬ್ಬಾ! ಕತ್ತರಿಗಳು ಹೊರಟವು ನೋಡಿ, ದಂಡು ಹೊರಟಂತೆ. ಯಕೃತ್ತು ರಕ್ತಕ್ಕೆ ಹರಿಬಿಟ್ಟಿದ್ದ ಉದ್ದನೆಯ ಪ್ರೋಟೀನ್ ಎಳೆಗಳನ್ನು ಕಚಕಚ ಕತ್ತರಿಸಿದವು. ಆ ತುಂಡುಗಳನ್ನು ಶ್ವಾಸಕೋಶ ಇನ್ನಷ್ಟು ಚೂಪು ಮಾಡಿ ಕಳಿಸಿತು. ಆ ಚೂಪು ತುಂಡುಗಳು ಮುಟ್ಟಿದ ಕಡೆಯೆಲ್ಲ ರಕ್ತನಾಳಗಳು ಕಚ್ಚೆ ಬಿಗಿದು ನಿಂತವು. ಚಂಪವ್ವನ ಮನೆಗೆ ಹೋಗಿ, "ಉಪ್ಪು ಹೊರಗ ಹೋಗದಂಗ ಹಿಡಿಸು!" ಎಂದವು. ಮಿದುಳಿಗೆ ಹೋಗಿ, "ನೀರು! ನೀರು!" ಎಂದು ಕದ ಬಡಿದವು.

ಹೊರಗೆ ಶಂಕ್ರವ್ವ ಕಣ್ಣು ಬಿಟ್ಟಳು. ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಯಮನವ್ವ, "ಯಾಕಬೇ ಶಂಕ್ರವ್ವಾ, ಮಾರಿ ಬಿಳಚಿಕೊಂಡೈತಲ್ಲ?" ಎಂದಳು.

"ಏನಿಲ್ಲ. ದೊಡ್ಡ ಚರಿಗಿ ತುಂಬ ಮಜ್ಜಿಗಿ ಕೊಡು. ಉಪ್ಪು ಕೈ ಬಿಟ್ಟು ಹಾಕು."

ಒಂದು ಚರಿಗೆ ಇಳಿಯಿತು. ಇನ್ನೊಂದೂ ಇಳಿಯಿತು. ಒಳಗೆ ಹಳ್ಳ ತುಂಬಿತು. ರಕ್ತ ಮತ್ತೆ ಗೋಡೆಯನ್ನು ಒತ್ತಿತು. ಕ್ಯಾಲ್ಸಿಯಂ ಒಳನುಗ್ಗಿ ಢಮಢಮ ಡಂಗುರ ಬಡಿದ.

ಊರಿಗೆ ಊರೇ ಹುಚ್ಚೀರಪ್ಪನ ಬಾಗಿಲಿಗೆ ಬಂತು. "ಹುಚ್ಚೀರಪ್ಪಗ ಜೈ! ಬಿಡು, ಇನ್ನೂ ಬಿಡು!" ಚಂಪವ್ವನ ದನಿಯೇ ಎಲ್ಲರಿಗಿಂತ ಜೋರು. "ಡಂಗುರ ಬಿತ್ತು ತಮ್ಮಾ, ಮಾತು ಕೊಟ್ಟೀದಿ! ತಗೀ ಪೂರಾ!"

ಹುಚ್ಚೀರಪ್ಪನ ಕೈ ಚಿಲಕದ ಮೇಲಿತ್ತು. ಹುಟ್ಟಿದಂದಿನಿಂದ ಒಂದೂ ಜೈಕಾರ ಕೇಳಿರದ ಕಿವಿ ಅವನದು. ಇನ್ನೊಂದು ಚೀಲ ಬಿಚ್ಚಿದರೆ ಹೆಗಲ ಮೇಲೆ ಮೆರವಣಿಗೆ ಖಂಡಿತ. ಅಷ್ಟರಲ್ಲಿ ಬೆನ್ನಿಗೆ ಗೋಡೆ ಬಲವಾಗಿ ಒತ್ತಿತು. ಥಟ್ಟನೆ ಅವನಿಗೆ ಹೊಳೆಯಿತು. ಹಳ್ಳ ತುಂಬಿದ್ದರಿಂದಲೇ ಡಂಗುರ ಬಿದ್ದದ್ದು! ತುಂಬಿದ ಹಳ್ಳಕ್ಕೆ ಇನ್ನೂ ಒತ್ತಡ ಏರಿಸಿದರೆ ಒಡೆಯುವುದು ಶಂಕ್ರವ್ವನ ನಾಳಗಳೇ. ಅಜ್ಜ ಮುತ್ತಜ್ಜಂದಿರು ಬಾಯಿ ಬಿಟ್ಟು ಹೇಳದಿದ್ದದ್ದು ಇದು.

"ಮಾತು ತಪ್ಪೀನಿ ಚಂಪಕ್ಕಾ, ಬೇಕಾದ್ದು ಅನ್ನು. ಇನ್ನ ಒಂದು ಕತ್ತರೀನೂ ಹೊರಗ ಬಿಡಾಂಗಿಲ್ಲ" ಎಂದವನೇ ಚಿಲಕ ಜಡಿದ.

ಊರು ಬೈಯಿತು, ಬಾಗಿಲು ಗುದ್ದಿತು. ಆಮೇಲೆ ಒಬ್ಬೊಬ್ಬರಾಗಿ ಮನೆಯತ್ತ ತಿರುಗಿದರು. ಹೃದಯದ ಬಡಿತ ಹದಕ್ಕೆ ಬಂದದ್ದು ಎಲ್ಲರಿಗೂ ಕೇಳುತ್ತಿತ್ತು. ಹೊರಗೆ ಶಂಕ್ರವ್ವ ತಟ್ಟಿದ ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬಿ ಎದ್ದಿತು.

"ಬಿಸಿ ರೊಟ್ಟಿ ಎಲ್ಲೇ ಶಂಕ್ರವ್ವಾ?" ಎಂದು ಊಟದವರು ಕೂಗಿದರು.

"ತಡೀರೋ, ಬಂತು!" ಎಂದ ಅವಳ ದನಿ ಬೀದಿಯ ತುದಿಗೆ ಕೇಳಿತು.

ಚಂಪವ್ವ ಮತ್ತೆ ಮೆಲ್ಲಗೆ ಇಳಿದು ಬಂದು ಮುಚ್ಚಿದ ಬಾಗಿಲ ಮುಂದೆ ನಿಂತಳು. "ಬಾಗಲಾ ತಗದು ಗೆದ್ದಾವ್ರನ್ನ ಭಾಳ ಮಂದಿನ್ನ ನೋಡೀನಿ ತಮ್ಮಾ. ಹಾಕಿ ಗೆದ್ದಾಂವನ್ನ ಇವತ್ತ ನೋಡಿದೆ."

ಒಳಗಿನಿಂದ ಉತ್ತರ ಬಂತು: "ಹೊಗಳಿದ್ರೂ ತಗಿಯಾಂಗಿಲ್ಲಬೇ ಅಕ್ಕಾ!"

ನೀತಿ: ಯಾರೂ ಕೇಳದಿದ್ದಾಗ ಕೊಡುವವನು, ಎಲ್ಲರೂ ಜೈ ಎನ್ನುವಾಗ ಕೈ ತಡೆಯುವವನು, ಅವನೇ ನಿಜವಾದ ಬಲಶಾಲಿ. ಮತ್ತೆ, ಬಿಸಿಲಿನಲ್ಲೋ ಒಲೆಯ ಮುಂದೋ ದುಡಿಯುವವರು ಆಗಾಗ ನೀರು ಕುಡಿಯಿರಿ. ಹುಚ್ಚೀರಪ್ಪ ಶೂರನೇ ಹೌದು, ಆದರೆ ಅವನಿಗೂ ಒಂದು ನಿದ್ದೆ ಬೇಡವೇ?