ಕೊಯ್ಯದವ್ವನ ದಿನ್ನಿ

ಘಟಪ್ರಭೆಯ ತೆಂಕಣ ದಂಡೆಯಿಂದ ಒಂದು ಹರಿದಾರಿ ನಡೆದರೆ ಸುಣ್ಣದ ಕಲ್ಲಿನ ನೆಲ ಸಿಗುತ್ತದೆ. ಅಲ್ಲಿಯ ಬಿಳಿಮಟ್ಟಿ ಎಂಬ ಊರಿನ ಪಡುವಣಕ್ಕೆ ಒಂದು ಬೋಳು ದಿನ್ನಿ ಇದೆ. ಬೋಳು ಎಂದರೆ ಮರವಿಲ್ಲ ಎಂದಷ್ಟೇ ಅರ್ಥ, ಏಕೆಂದರೆ ನೆತ್ತಿಯಿಂದ ಬುಡದವರೆಗೆ ದಿನ್ನಿಯ ಮೈಯೆಲ್ಲ ಲೋಳೆಸರವೇ. ಈ ಸೀಮೆಯ ಹಳ್ಳಗಳಲ್ಲಿ ಬೆಳೆಯುವ ಲೋಳೆಸರ ಹಳದಿ ಹೂ ಬಿಡುತ್ತದೆ. ದಿನ್ನಿಯ ಮೇಲಿನದು ಕೆಂಡದ ಬಣ್ಣದ್ದು. ಬುಡದಲ್ಲಿ ಕುಸಿದುಬಿದ್ದ ಸುಣ್ಣದ ಭಟ್ಟಿಗಳ ಗೋಡೆಗಳೂ ಮಳೆನೀರು ನಿಂತ ಒಂದು ಹಳೆಯ ಗುಂಡಿಯೂ ಕಾಣುತ್ತವೆ. ಊರವರು ಇದನ್ನು ಕೊಯ್ಯದವ್ವನ ದಿನ್ನಿ ಎನ್ನುತ್ತಾರೆ. ಹೆಸರು ಕೇಳಿದವರು ಕೊಯ್ಯದವ್ವ ಯಾವುದೋ ದೇವತೆ ಇರಬೇಕೆಂದು ಕೈಮುಗಿಯುವುದುಂಟು. ಆದರೆ ಅದು ದೇವತೆಯ ಹೆಸರಲ್ಲ, ಮೊದಮೊದಲು ಬೈಗುಳವಾಗಿತ್ತು ಎಂದು ಸುಣ್ಣಗಾರರ ಓಣಿಯ ಹಿರಿಯರು ಹೇಳುತ್ತಾರೆ.

ಹಿಂದೆ ಒಮ್ಮೆ, ದೇಸಾಯರು ಹೊಸ ವಾಡೆ ಕಟ್ಟಿಸುತ್ತಿದ್ದ ಕಾಲದಲ್ಲಿ, ಬಿಳಿಮಟ್ಟಿಯ ಭಟ್ಟಿಗಳು ಒಂದು ದಿನವೂ ಆರುತ್ತಿರಲಿಲ್ಲವಂತೆ. ಆ ಓಣಿಯಲ್ಲಿ ಹುಲಿಗೆವ್ವ ಎಂಬ ಹೆಂಗಸಿದ್ದಳು. ಭಟ್ಟಿಯ ಹೊಗೆ ಕುಡಿದು ಕುಡಿದು ಎದೆ ಕಟ್ಟಿ ಗಂಡ ಸತ್ತಾಗ ಅವಳಿಗೆ ಇಪ್ಪತ್ತಾರು ವರ್ಷ. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಮೈದುನ ಭರಮಪ್ಪ, "ನಮ್ಮ ಗಂಜ್ಯಾಗ ನಿನ್ನ ಪಾಲೂ ಐತಿ, ಇಲ್ಲೇ ಇರವಾ" ಎಂದು ಉಳಿಸಿಕೊಂಡ. ಅವನ ಹೆಂಡತಿ ದ್ಯಾಮವ್ವ ವಾರಗಿತ್ತಿಯನ್ನು ಅಕ್ಕ ಎಂದೇ ಕರೆದಳು. ಆ ವರ್ಷವೇ ಕರಾವಳಿಯಿಂದ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬಂದ ಒಬ್ಬ ಮುದುಕಿ ಹುಲಿಗೆವ್ವನ ಮನೆಯಲ್ಲಿ ನೀರು ಕುಡಿದು, ಗೋಣಿಯ ಮೂಲೆಯಿಂದ ಬೆರಳುದ್ದದ ಮೂರು ಲೋಳೆಸರದ ಮರಿಗಳನ್ನು ತೆಗೆದು ಕೊಟ್ಟಳು. ಕೆಂಪು ಹೂ ಬಿಡುತ್ತದೆ, ಆದರೆ ಬಹಳ ವರ್ಷ ಕಾಯಿಸುತ್ತದೆ ಎಂದಳು.

ದಿನ್ನಿಯ ನೆತ್ತಿಯಲ್ಲಿ ನೀರು ನಿಲ್ಲುವುದಿಲ್ಲವೆಂದು ಹುಲಿಗೆವ್ವ ಮರಿಗಳನ್ನು ಅಲ್ಲಿಯೇ ನೆಟ್ಟಳು. ಬರೀ ಸುಣ್ಣಗಲ್ಲಿನ ಆ ನೆಲಕ್ಕೆ ಹಳ್ಳದ ಮರಳನ್ನೂ ಕೆಮ್ಮಣ್ಣನ್ನೂ ಬುಟ್ಟಿಯಲ್ಲಿ ಹೊತ್ತುಹಾಕಿದವನು ಭರಮಪ್ಪ. ಅತ್ತಿಗೆಯ ಹುಚ್ಚಿಗೆ ಅವನು ನಗುತ್ತಿದ್ದ, ನಗುತ್ತಲೇ ಮಣ್ಣು ಹೊರುತ್ತಿದ್ದ. ಗಿಡಗಳ ಬುಡದಲ್ಲಿ ಮರಿ ಒಡೆದವು. ಅವನ್ನು ಬಿಡಿಸಿ ನೆಟ್ಟು ನೆಟ್ಟು ಐದು ವರ್ಷಕ್ಕೆ ಮೂವತ್ತು ಗಿಡಗಳಾದವು. ಎಲೆಗಳು ಕೈಯುದ್ದ ಬೆಳೆದು ಬೆಣ್ಣೆಮುದ್ದೆಯ ಹಾಗೆ ತುಂಬಿಕೊಂಡವು. ಹೂವು ಮಾತ್ರ ಬರಲಿಲ್ಲ. ಆರನೆಯ ವರ್ಷ ಶಿವರಾತ್ರಿ ಕಳೆದ ವಾರ ಗಿಡಗಳ ನಡುವಿನಿಂದ ಹೂವಿನ ಗೊನೆಗಳು ಎದ್ದವು. ಹದಿನೈದು ದಿನದಲ್ಲಿ ಎದೆಮಟ್ಟ ಬೆಳೆದು ಬುಡದಿಂದ ತುದಿಯ ಕಡೆಗೆ ಕೆಂಪೇರತೊಡಗಿದವು. ಜೇನು ಹೀರುವ ಸೂರಕ್ಕಿಗಳು ಬಂದು ಗೊನೆಗಳಿಗೆ ಜೋತುಬಿದ್ದವು. ಭಟ್ಟಿಯ ಬೂದಿ, ಸುಣ್ಣದ ಧೂಳು ಇವುಗಳ ಹೊರತು ಬೇರೆ ಬಣ್ಣ ಕಾಣದ ಓಣಿಯ ಹೆಂಗಸರು ಮೇಲೆ ಹತ್ತಿ ಬಂದು ಸುಮ್ಮನೆ ನಿಂತು ನೋಡಿಹೋಗುತ್ತಿದ್ದರಂತೆ. ಹುಲಿಗೆವ್ವ ಊಟವನ್ನೂ ಮೇಲಕ್ಕೆ ಕಟ್ಟಿಕೊಂಡು ಹೋಗುತ್ತಿದ್ದಳು. ಗೊನೆ ನಿಂತಿರುವಾಗ ಎಲೆ ಮುರಿದರೆ ಹೂ ಬಾಡುತ್ತದೆಂದು ಅವಳು ನಂಬಿದ್ದಳು; ಹಾಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಂಥ ಒಂದು ಬೆಳಗಿನ ಹೊತ್ತು ದ್ಯಾಮವ್ವ ಏದುಸಿರು ಬಿಡುತ್ತ ದಿನ್ನಿ ಹತ್ತಿ ಬಂದಳು.

"ಯಕ್ಕಾ, ಅವರಿಗೆ ಸುಟ್ಟೈತಿ. ಎಲಿ ಕೊಯ್ಕೊಡ."

ಭಟ್ಟಿಯ ಊರಿನಲ್ಲಿ ಸುಟ್ಟುಕೊಳ್ಳುವುದು ವಾರಕ್ಕೊಮ್ಮೆಯ ಮಾತು. ಹುಲಿಗೆವ್ವ ಗೊನೆಯೊಂದರ ಬುಡದಿಂದ ಇರುವೆ ಬಿಡಿಸುತ್ತಿದ್ದಳು. ತಿರುಗಿ ನೋಡದೆಯೇ, "ಹೂವು ನಿಂತಾವ ದ್ಯಾಮಿ. ಈಗ ಎಲಿ ಮುರದ್ರ ಬಾಡಿ ಹೋಗ್ತಾವ. ಹಳ್ಳದ ದಂಡ್ಯಾಗ ಕಾಡಲೋಳಿ ಬೇಕಾದಷ್ಟ ಅದಾವ, ಅಲ್ಲಿ ಕೊಯ್ಕೊ ಹೋಗ" ಎಂದಳು. ಕಂಡು ಬಂದದ್ದನ್ನು ಹೇಳುವ ಶಕ್ತಿ ದ್ಯಾಮವ್ವನಲ್ಲಿರಲಿಲ್ಲ. ವಾದಿಸಲು ಹೊತ್ತೂ ಇರಲಿಲ್ಲ. ತಿರುಗಿ ಹಳ್ಳದ ಕಡೆಗೆ ಓಡಿದಳು. ಹೋಗಿ ಹುಡುಕಿ ತರುವುದಕ್ಕೆ ಅರ್ಧ ಹಗಲು ಹಿಡಿಯಿತು. ಬೇಸಗೆಗೆ ಒಣಗಿದ ಹಳ್ಳದಲ್ಲಿ ಸಿಕ್ಕಿದ್ದು ಬೆರಳಿನಷ್ಟು ದಪ್ಪದ, ಲೋಳೆಯಿಲ್ಲದ ಹತ್ತೆಂಟು ಎಲೆ.

ಮಧ್ಯಾಹ್ನ ಹುಲಿಗೆವ್ವ ದಿನ್ನಿ ಇಳಿದಾಗ ಭಟ್ಟಿಗಳ ಬಳಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಸುಟ್ಟ ಕಲ್ಲಿಗೆ ನೀರು ಬಿಟ್ಟು ಸುಣ್ಣ ಅರಳಿಸುವ ಗುಂಡಿಯ ಅಂಚು ಬೆಳಿಗ್ಗೆ ಕುಸಿದಿತ್ತು. ಕೊತಕೊತ ಕುದಿಯುವ ಸುಣ್ಣದಲ್ಲಿ ಭರಮಪ್ಪ ಸೊಂಟದವರೆಗೆ ಇಳಿದುಹೋಗಿದ್ದ. ಮನೆಯ ಪಡಸಾಲೆಯಲ್ಲಿ ಬಾಳೆಲೆಯ ಮೇಲೆ ಮಲಗಿಸಿದ್ದರು. ಅವನ ಕೂಗು ಓಣಿಯ ತುದಿಗೇ ಕೇಳುತ್ತಿತ್ತು. ಹುಲಿಗೆವ್ವ ಒಳಗೆ ಹೋಗಿ ಅವನ ಕಾಲು ನೋಡಿದಳು. ಬಂದ ಹೆಜ್ಜೆಯಲ್ಲೇ ತಿರುಗಿ ಕುಡುಗೋಲು ಹಿಡಿದು ದಿನ್ನಿ ಹತ್ತಿದಳು. ಗೊನೆಗಳ ಸಮೇತ ಮೂವತ್ತೂ ಗಿಡಗಳನ್ನು ಬುಡಕ್ಕೆ ಕೊಚ್ಚಿ ಬುಟ್ಟಿ ಬುಟ್ಟಿ ತಂದು ಸುರಿದಳು. ಎಲೆ ಸೀಳಿ ಲೋಳೆ ಬಳಿದಂತೆಲ್ಲ ಕೂಗು ತಗ್ಗುತ್ತ ಬಂತು. ಸಂಜೆಗೆ ಭರಮಪ್ಪ, "ತಂಪಾತು ವೈನೀ" ಎಂದ. ಆ ಮಾತನ್ನು ಕೇಳಿ ಹುಲಿಗೆವ್ವ ಗೋಡೆಗೆ ತಲೆ ಚಚ್ಚಿಕೊಂಡಳಂತೆ. ಮೂರನೆಯ ದಿನ ಅವನು ತೀರಿಕೊಂಡ. ಲೋಳೆಸರದಿಂದ ಇಂಥ ಜೀವ ಉಳಿಯುವುದಲ್ಲ, ಆದರೆ ಅರ್ಧ ಹಗಲಿನ ಉರಿಯಾದರೂ ತಪ್ಪುತ್ತಿತ್ತು ಎಂದು ಊರ ವೈದ್ಯ ಎಲ್ಲರೆದುರು ಹೇಳಿದ.

ಮಣ್ಣು ಮುಗಿಸಿ ಬಂದ ಮೇಲೆ ದ್ಯಾಮವ್ವ ಅಳಲಿಲ್ಲ. "ಇನ್ಮ್ಯಾಲ ನಿನಗ ಅಕ್ಕ ಅನ್ನಂಗಿಲ್ಲ. ನೀ ಕೊಯ್ಯದಾಕಿ" ಎಂದಳು. ಓಣಿ ಆ ಮಾತನ್ನು ಎತ್ತಿಕೊಂಡಿತು. ನೀರಿಗೆ ಹೋದರೆ ಕೊಯ್ಯದಾಕಿ, ಹಿಟ್ಟಿಗೆ ಹೋದರೆ ಕೊಯ್ಯದಾಕಿ. ಹುಲಿಗೆವ್ವ ಊರು ಬಿಡಬಹುದಿತ್ತು, ಬಿಡಲಿಲ್ಲ. ದಿನ್ನಿಯ ಮೇಲೆ ಗುಡಿಸಲು ಹಾಕಿಕೊಂಡಳು. ಕೊಚ್ಚಿದ ಬುಡಗಳಿಂದ ಚಿಗುರಿದ ಮರಿಗಳನ್ನು ಇಳಿಜಾರಿನ ಉದ್ದಕ್ಕೂ, ಭಟ್ಟಿಗಳ ಬಾಗಿಲವರೆಗೂ ನೆಡುತ್ತ ಬಂದಳು. ಸುಟ್ಟವರು ಬರುವ ದಾರಿ ಕಾಯದೆ ತಾನೇ ಎಲೆ ಹೊತ್ತು ಹೋಗುತ್ತಿದ್ದಳು. ಗೊನೆ ಮೊಳಕೆಯೊಡೆದರೆ ಸಾಕು, ಉಗುರಿನಿಂದ ಚಿವುಟಿ ಎಸೆಯುತ್ತಿದ್ದಳು. ಹನ್ನೊಂದು ವರ್ಷ ಆ ದಿನ್ನಿಯ ಮೇಲೆ ಒಂದೇ ಒಂದು ಹೂ ಅರಳಲಿಲ್ಲ.

ಹನ್ನೆರಡನೆಯ ವರ್ಷ ದ್ಯಾಮವ್ವನ ಕೈಗೆ ಕುದಿಯುವ ಅಂಬಲಿ ಬಿತ್ತು. ಮೇಲಕ್ಕೆ ಬಂದು ಕೈ ಚಾಚಿದಳು. ಹುಲಿಗೆವ್ವ ಲೋಳೆ ಬಳಿದು ಬಟ್ಟೆ ಸುತ್ತಿದಳು. ಎದ್ದು ಹೊರಟ ದ್ಯಾಮವ್ವನಿಗೆ, ಹುಲಿಗೆವ್ವ ಎಳೆಯ ಗೊನೆಯೊಂದಕ್ಕೆ ಉಗುರು ಹಾಕುತ್ತಿದ್ದುದು ಕಣ್ಣಿಗೆ ಬಿತ್ತು.

"ಬಿಡ ಅದನ್ನ," ಎಂದಳು ದ್ಯಾಮವ್ವ. "ಮಣ್ಣ ಹೊತ್ತಾವ್ರು ನಮ್ಮವರು. ಅವರಿಗಂತೂ ಒಂದ ಹೂವೂ ಕಣ್ತುಂಬ ನೋಡಾಕ ಸಿಗಲಿಲ್ಲ. ನಾನರ ನೋಡತೀನಿ."

ಹುಲಿಗೆವ್ವನ ಕೈ ಅಲ್ಲೇ ನಿಂತಿತು. ದ್ಯಾಮವ್ವ ತಿರುಗಿ ನೋಡದೆ ಇಳಿದುಹೋದಳು. ಅಕ್ಕ ಎಂದು ಅವಳು ಮತ್ತೆ ಕರೆದದ್ದನ್ನು ಕೇಳಿದವರಿಲ್ಲ. ಆದರೆ ಆ ವರ್ಷದಿಂದ ದಿನ್ನಿ ಕೆಂಪಾಯಿತು. ಹೂವಿನ ದಿನಗಳಲ್ಲಿ ಇಬ್ಬರು ಹೆಂಗಸರು ಮಾತಿಲ್ಲದೆ, ಒಬ್ಬಳು ನೆತ್ತಿಯಲ್ಲಿ, ಒಬ್ಬಳು ಬುಡದಲ್ಲಿ ಕುಳಿತಿರುವುದನ್ನು ದಾರಿಹೋಕರು ಕಾಣುತ್ತಿದ್ದರಂತೆ. ಹುಲಿಗೆವ್ವ ಸತ್ತಾಗ ಅವಳನ್ನು ದಿನ್ನಿಯ ಮೇಲೆಯೇ ಮಣ್ಣು ಮಾಡಿದರು. ಅಷ್ಟು ಹೊತ್ತಿಗೆ ಅವಳ ಲೋಳೆಯಿಂದ ಮೈ ಉರಿ ಆರಿಸಿಕೊಳ್ಳದವರು ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಬೈಗುಳದ ಹೆಸರನ್ನು ಬದಲಿಸುವುದು ಯಾರಿಗೂ ತೋಚಲಿಲ್ಲ. ಅವ್ವ ಎಂಬುದನ್ನು ಸೇರಿಸಿದರು.

ಭಟ್ಟಿಗಳು ಆರಿ ಎರಡು ತಲೆಮಾರಾಯಿತು. ನೆತ್ತಿಯ ಮೇಲೆ ಗುಡಿಯಿಲ್ಲ, ಒಂದು ಸುಣ್ಣಗಲ್ಲಿನ ಹಾಸು ಮಾತ್ರ ಇದೆ. ಅದಕ್ಕೆ ಕುಂಕುಮ ಹಚ್ಚುವವರಿಲ್ಲ. ಶಿವರಾತ್ರಿ ಕಳೆದು ಕೆಲವು ವಾರಕ್ಕೆ ಹೋದವರಿಗೆ ಕಾಣುವುದು ಇಷ್ಟು: ಎದೆಮಟ್ಟದ ಕೆಂಪು ಗೊನೆಗಳು, ಅವಕ್ಕೆ ಜೋತುಬಿದ್ದ ಸೂರಕ್ಕಿಗಳು, ಪ್ರತಿ ಗಿಡದ ಬುಡದಲ್ಲೂ ಊರವರು ಈಚೆಗೆ ಎಲೆ ಕೊಯ್ದ ಹಸಿ ಗಾಯ. ಹೂ ಹೊತ್ತ ಗಿಡಗಳಲ್ಲಿ ಕೊಯ್ಯದೆ ಬಿಟ್ಟದ್ದು ಒಂದೂ ಸಿಗುವುದಿಲ್ಲ.