ಒಂದು ಸುತ್ತಿನವ್ವನ ಗುಡ್ಡ

೧೯೭೪ರ ಮಾರ್ಚ್ ೧೧, ಸೋಮವಾರ. ‘ಗುಡ್ಡ ಹತ್ತಿದೆವು. ಬಂಡೆಗೆ ಎರಡನೇ ಸುತ್ತು ಹೊರಟ ನನ್ನ ರಟ್ಟೆಯನ್ನು ಅಲ್ಲಿದ್ದ ಮುದುಕಿ ಹಿಡಿದೆಳೆದಳು’ ಎಂದು ನನ್ನ ಹಳೆಯ ದಿನಚರಿಯಲ್ಲಿದೆ. ಇಂದಿಗೂ ಹಾಗೆಯೇ. ಹಿರೇಕಣಿವೆಯ ಈ ಬೋಳುಗುಡ್ಡದ ಮೇಲೆ ಗುಡಿಯಿಲ್ಲ, ವಿಗ್ರಹವಿಲ್ಲ. ಒಂದು ಹಾಸುಬಂಡೆ, ಅದರ ಮೇಲೆ ಬಳೆಯಷ್ಟಗಲದ ಒಂದು ದುಂಡು ಗೀರು. ಬೇರೆಡೆ ಒಂಬತ್ತು ಸುತ್ತು ಬರುವವರೂ ಇಲ್ಲಿ ಒಂದಕ್ಕೇ ನಿಲ್ಲಬೇಕು.

ಹಿಂದೆ ಒಮ್ಮೆ ಈ ಊರಿನಲ್ಲಿ ಬೊಮ್ಮವ್ವನೆಂಬ ಸೂಲಗಿತ್ತಿಯಿದ್ದಳು ಎನ್ನುತ್ತಾರೆ. ಮೊಮ್ಮಗನಿಗೆ ವರ್ಷ ತುಂಬಿದರೂ ಮಾತು ಬರಲಿಲ್ಲವೆಂದು ಗೌಡತಿ ನಿಂಗಾಜವ್ವ ಅವಳನ್ನು ಕರೆಸಿದಳು. ಬೊಮ್ಮವ್ವ ಬಜೆಯ ಬೇರನ್ನು ದೀಪದಲ್ಲಿ ಸುಟ್ಟು, ತೇಯುವ ಕಲ್ಲಿಗೆ ಎದೆಹಾಲು ಹನಿಸಿ, ಒಂದೇ ಸುತ್ತು ತೇಯ್ದು, ಬೆರಳ ತುದಿಗೆ ಹತ್ತಿದ್ದನ್ನಷ್ಟೇ ಕೂಸಿನ ನಾಲಿಗೆಗೆ ಸವರಿದಳು. “ವಾರಕ್ಕೊಂದು ದಿನ, ಒಂದೇ ಸುತ್ತು. ಮೀರಿದರೆ ಅದು ಮದ್ದಲ್ಲ, ತಾಯಿ,” ಎಂದಳು. ಈಗಿನ ವೈದ್ಯರು ಕೂಸುಗಳಿಗೆ ಆ ಒಂದು ಸುತ್ತೂ ಬೇಡವೆನ್ನುತ್ತಾರೆ.

“ಕೂಲಿಯವರ ಮಕ್ಕಳಿಗೂ ಒಂದು ಸುತ್ತು, ಗೌಡರ ಮೊಮ್ಮಗನಿಗೂ ಒಂದೇ ಸುತ್ತೇನೇ? ದೇವರಿಗೇ ಒಂಬತ್ತು ಸುತ್ತು ಬರೋ ಮನೆ ಕಣೇ ಇದು!” ಎಂದು ನಕ್ಕ ಗೌಡತಿ, ಬೇರನ್ನು ತಾನೇ ಇಟ್ಟುಕೊಂಡು ದಿನಕ್ಕೆ ಒಂಬತ್ತು ಸುತ್ತು ತೇಯ್ದು ಕುಡಿಸಿದಳು. ಕೂಸು ವಾಂತಿ ಮಾಡಿತು, ಮಂಕಾಯಿತು, ನಾಲ್ಕನೆಯ ದಿನ ಕಣ್ಣು ಮೇಲೆ ಮಾಡಿ ತೀರಿಕೊಂಡಿತು. ಸೂಲಗಿತ್ತಿ ವಿಷದ ಬೇರು ಕೊಟ್ಟಳೆಂದು ಗೌಡತಿ ಊರಕಟ್ಟೆಗೆ ದೂರು ಒಯ್ದಳು. ಕಟ್ಟೆಯ ಮೇಲೆ ಕೂತಿದ್ದವರಲ್ಲಿ ಅರ್ಧ ಮಂದಿ ಬೊಮ್ಮವ್ವನ ಕೈಮೇಲೆಯೇ ಹುಟ್ಟಿದವರು; ಒಬ್ಬನೂ ಬಾಯಿ ಬಿಡಲಿಲ್ಲ. ಬೊಮ್ಮವ್ವ ತೇಯುವ ಕಲ್ಲನ್ನು ಕಂಕುಳಲ್ಲಿಟ್ಟುಕೊಂಡು ಗುಡ್ಡ ಹತ್ತಿ, ಬಂಡೆಯ ಮೇಲೆ ಒಂದು ಸುತ್ತು ಗೀರಿ, ಅಲ್ಲೇ ಉಳಿದಳು.

ಮರುವರ್ಷ ಆ ಕೂಸಿನ ತಾಯಿಗೆ, ಗೌಡರ ಸೊಸೆಗೆ, ಹೆರಿಗೆ ಕಷ್ಟವಾಯಿತು. ಎರಡು ದಿನವಾದರೂ ಕೂಸು ಹೊರಬರಲಿಲ್ಲ. ಊರವರನ್ನು ಕಟ್ಟಿಕೊಂಡು ಗೌಡತಿಯೇ ಗುಡ್ಡ ಹತ್ತಿದಳು.

“ಬರ್ತೀನಿ. ಮೊದಲು ಇವರೆಲ್ಲರ ಮುಂದೆ ಹೇಳವ್ವ, ನಾನು ಎಷ್ಟು ಸುತ್ತು ಹೇಳಿದ್ದೆ?”

ಗೌಡತಿ ತುಟಿ ಬಿಗಿದು ನಿಂತಳು. ಬೊಮ್ಮವ್ವನೂ ಏಳಲಿಲ್ಲ. ನೆತ್ತಿಯ ಮೇಲಿದ್ದ ಬಿಸಿಲು ಪಡುವಣಕ್ಕೆ ಜಾರಿದ ಮೇಲೆ ಗೌಡತಿಯ ಬಾಯಿಂದ “ಒಂದು” ಎಂಬ ಮಾತು ಬಂತು. ಅವರು ಅರ್ಧ ಗುಡ್ಡ ಇಳಿಯುವಷ್ಟರಲ್ಲಿ ಊರಿನ ಕಡೆಯಿಂದ ಗೋಳು ಕೇಳಿಸಿತು.

ಇಂದಿಗೂ ಇಲ್ಲಿಗೆ ಬಂದವರು ಬಂಡೆಯನ್ನು ಒಮ್ಮೆ ಸುತ್ತಿ, ನಾಲ್ಕು ಜನಕ್ಕೆ ಕೇಳುವಂತೆ “ಒಂದು” ಎಂದು ಹೇಳಿಯೇ ಇಳಿಯಬೇಕು. ಆಗ ಹೋದದ್ದು ಇಷ್ಟು: ಮಾತು ಕಲಿಯಬೇಕಿದ್ದ ಕೂಸು, ಇಪ್ಪತ್ತು ದಾಟದ ಅದರ ತಾಯಿ, ಅವಳ ಹೊಟ್ಟೆಯಲ್ಲಿದ್ದ ಇನ್ನೊಂದು.